ಮೊದಲ ಎರಡು ಎಂಡ್ ಹಳದಿಯಲ್ಲಿ, ಆಮೇಲೆ ಬಾಣ ಎಲ್ಲೆಲ್ಲೋ: ಏನು ಮಾಡಲಿ?

ಪ್ರಶ್ನೆ: ನಾನು ಸುರತ್ಕಲ್ ಕಡೆಯವನು, ವಯಸ್ಸು 31. ಎರಡು ವರ್ಷದಿಂದ ರಿಕರ್ವ್ ಬಿಲ್ಲಿನಲ್ಲಿ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಅಭ್ಯಾಸ ಮಾಡುತ್ತಿದ್ದೇನೆ. ಬಲಗೈಯಲ್ಲಿ ಎಳೆಯುತ್ತೇನೆ, ಎಳೆತ 29 ಇಂಚು. ಏಪ್ರಿಲ್‌ನಲ್ಲಿ 28 ಪೌಂಡಿನ ಲಿಂಬ್ (ಬಿಲ್ಲಿನ ಬಾಗುವ ತೋಳು) ತೆಗೆದು 38 ಪೌಂಡಿನದ್ದು ಹಾಕಿದೆ, ಜೊತೆಗೆ ಕ್ಲಿಕರ್ (ಎಳೆತ ಪೂರ್ತಿಯಾದಾಗ ಟಿಕ್ ಎನ್ನುವ ಪಟ್ಟಿ) ಕೂಡ. ಅದನ್ನು ಹಾಕಿದ ಮೇಲೆ ಇನ್ನೂ ಕೆಟ್ಟಿತು. 30 ಮೀಟರ್‌ನಲ್ಲಿ 36 ಬಾಣಕ್ಕೆ ಒಂದು ದಿನ 310 ಬರುತ್ತದೆ, ಮರುದಿನ 265. ಮೊದಲ ಎರಡು ಎಂಡ್ (ಆರಾರು ಬಾಣದ ಸರದಿ) ಚೆನ್ನಾಗಿರುತ್ತದೆ, ಬಾಣ ನಡುವಿನ ಹಳದಿಯಲ್ಲೇ ಬೀಳುತ್ತದೆ, ಆಮೇಲೆ ಹಾಳು. ಯೂಟ್ಯೂಬ್ ನೋಡಿ ನಿಲುವು, ಆಂಕರ್ (ಎಳೆದ ಕೈ ಗಲ್ಲದ ಕೆಳಗೆ ಕೂರುವ ಜಾಗ) ಎರಡನ್ನೂ ಬದಲಿಸಿ ನೋಡಿದೆ. ಬಲ ಭುಜದಲ್ಲಿ ಸಣ್ಣ ನೋವು ಬೇರೆ. ಹೊಸ ಸ್ಟೆಬಿಲೈಸರ್ (ಬಿಲ್ಲು ಅಲುಗಾಡದಂತೆ ಹಾಕುವ ಕೋಲು), ಒಳ್ಳೆಯ ಬಾಣ ತೆಗೆದುಕೊಂಡರೆ ಸರಿಹೋದೀತೇ? ಮಳೆಗಾಲದಲ್ಲಿ ಅಭ್ಯಾಸ ಹೇಗೆ? ಟಾರ್ಗೆಟ್‌ನ ಫೋಟೊ ಕಳಿಸಿದ್ದೇನೆ.

ಉತ್ತರ: ಫೋಟೊ ಕಳಿಸಿದ್ದು ಒಳ್ಳೆಯದಾಯಿತು. ನಿಮ್ಮ ಪ್ರಶ್ನೆಗಿಂತ ಜಾಸ್ತಿ ವಿಷಯ ಆ ಕಾಗದದಲ್ಲಿ ಉಂಟು. ಎಡ ಬಲಕ್ಕೆ ನಿಮ್ಮ ಬಾಣಗಳು ಹೆಚ್ಚು ಹರಡಿಲ್ಲ. ಸುಮಾರು ಒಂದು ಅಂಗೈ ಅಗಲದ ಪಟ್ಟಿಯೊಳಗೇ ಇವೆ. ಮೇಲೆ ಕೆಳಗೆ ಮಾತ್ರ ನಡುವಿನ ಹಳದಿ, ಕೆಂಪು ದಾಟಿ ಮೇಲಿನ ನೀಲಿಯಿಂದ ಕೆಳಗಿನ ನೀಲಿಯ ತನಕ ಹೋಗಿವೆ.

ಬಾಣ ಎಡ ಬಲಕ್ಕೆ ಹೋಗುತ್ತಿದ್ದರೆ ನಾನು ನಿಮ್ಮ ಎಡಗೈಯ ಹಿಡಿತ, ಹೆದೆ ಕಣ್ಣಿಗೆ ಎಲ್ಲಿ ಕಾಣುತ್ತದೆ, ಬಿಡುವಾಗ ಬೆರಳು ಮುಖದಿಂದ ಹೊರಗೆ ಹಾರುತ್ತದೆಯೇ ಎಂದೆಲ್ಲ ಕೇಳುತ್ತಿದ್ದೆ. ಆ ಕೆಲಸ ನಿಮ್ಮಲ್ಲಿ ಪರವಾಗಿಲ್ಲ. ಹಾಗಾಗಿ ನಿಲುವು ಬದಲಿಸುವ ಅಗತ್ಯವೇ ಇರಲಿಲ್ಲ. ಪಾದ ಗೆರೆಗೆ ನೇರವೋ, ಸ್ವಲ್ಪ ತೆರೆದೋ ಎಂಬುದರಿಂದ ಈ ನೀಲಿಯಿಂದ ನೀಲಿಯ ಕಥೆ ಬರುವುದಿಲ್ಲ.

ಬಾಣ ಮೇಲೆ ಕೆಳಗೆ ಹೋಗುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಒಂದು, ಪ್ರತಿ ಬಾಣಕ್ಕೂ ಎಳೆತದ ಉದ್ದ ಬೇರೆಯಾಗುವುದು. ಇನ್ನೊಂದು, ಗಲ್ಲದ ಕೆಳಗೆ ಕೈ ಕೂರುವ ಎತ್ತರ ಬೇರೆಯಾಗುವುದು. ಎರಡೂ ಸಣ್ಣ ವಿಷಯದಂತೆ ಕಾಣುತ್ತವೆ, ಅಲ್ವಾ? ಒಮ್ಮೆ ಲೆಕ್ಕ ಹಾಕಿ ನೋಡೋಣ.

ಬಾಣ ಸೆಕೆಂಡಿಗೆ 55 ಮೀಟರ್ ವೇಗದಲ್ಲಿ ಹೊರಡುತ್ತದೆ ಎಂದಿಟ್ಟುಕೊಳ್ಳಿ. ನೀವು 5 ಮಿಲಿಮೀಟರ್ ಕಡಿಮೆ ಎಳೆದರೆ ವೇಗ ಹೆಚ್ಚುಕಮ್ಮಿ ಶೇಕಡಾ 1ರಷ್ಟು ಇಳಿಯುತ್ತದೆ. 30 ಮೀಟರ್‌ನಲ್ಲಿ ಬಾಣ ಸುಮಾರು 3 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. 70 ಮೀಟರ್‌ನಲ್ಲಾದರೆ 15 ಸೆಂಟಿಮೀಟರ್ ಹತ್ತಿರ. ಇನ್ನು ಗಲ್ಲದ ಲೆಕ್ಕ. ಬಾಣದ ಉದ್ದ 70 ಸೆಂಟಿಮೀಟರ್ ಅಂದುಕೊಳ್ಳಿ. ಅದರ ಹಿಂತುದಿ ಕಣ್ಣಿನಿಂದ ಇನ್ನೂ 1 ಮಿಲಿಮೀಟರ್ ಕೆಳಗೆ ಸರಿದರೆ 30 ಮೀಟರ್‌ನಲ್ಲಿ ಬಾಣ 4 ಸೆಂಟಿಮೀಟರ್‌ಗಿಂತ ಸ್ವಲ್ಪ ಮೇಲೆ ಹೋಗುತ್ತದೆ. 80 ಸೆಂಟಿಮೀಟರ್ ಟಾರ್ಗೆಟ್‌ನಲ್ಲಿ ಹತ್ತರ ವೃತ್ತದ ಅಗಲವೇ 8 ಸೆಂಟಿಮೀಟರ್. ಅಂದರೆ ನಡುವಿಗೆ ಹೋಗಬೇಕಿದ್ದ ಬಾಣ ಒಂದು ಮಿಲಿಮೀಟರ್‌ನಿಂದಾಗಿ ಒಂಬತ್ತಿನ ಗೆರೆ ಮುಟ್ಟಿತು. ಬಾಯಿ ಒಂಚೂರು ತೆರೆದರೂ ಗಲ್ಲ ಅಷ್ಟು ಇಳಿಯುತ್ತದೆ. ಸುಸ್ತಾದವರ ಬಾಯಿ ತೆರೆದುಕೊಳ್ಳುವುದು ಸಹಜ ತಾನೇ?

ಈಗ ನಿಮ್ಮ ಪತ್ರದ ಮುಖ್ಯ ವಾಕ್ಯಕ್ಕೆ ಬರುತ್ತೇನೆ. 28ರಿಂದ 38ಕ್ಕೆ ಹೋದೆ ಅಂದಿದ್ದೀರಿ. ಒಮ್ಮೆಗೇ ಹತ್ತು ಪೌಂಡ್ ಏರಿಸಿದ್ದೀರಿ ಮಾರಾಯ್ರೆ! ಲಿಂಬ್ ಮೇಲೆ ಬರೆದಿರುವ ಪೌಂಡ್ 28 ಇಂಚಿನ ಎಳೆತಕ್ಕೆ ಲೆಕ್ಕ ಹಾಕಿದ್ದು. ಅದರ ಮೇಲೆ ಪ್ರತಿ ಇಂಚಿಗೆ ಸುಮಾರು ಎರಡು ಪೌಂಡ್ ಕೂಡುತ್ತದೆ. ನಿಮ್ಮದು 29 ಇಂಚು. ಹಾಗಾಗಿ ಬೆರಳ ಮೇಲೆ ಬರುವುದು 40 ಪೌಂಡ್, ಅಂದರೆ 18 ಕೆ.ಜಿ. 36 ಬಾಣ ಬಿಟ್ಟಾಗ ಒಟ್ಟು 650 ಕೆ.ಜಿ. ಎಳೆದಿರುತ್ತೀರಿ. ಅಷ್ಟೂ ಎಳೆತದ ಕೊನೆಯಲ್ಲಿ ಎರಡು ಮೂರು ಸೆಕೆಂಡ್ ಅಲುಗಾಡದೆ ನಿಲ್ಲಬೇಕು. ಮೊದಲ ಹನ್ನೆರಡು ಬಾಣಕ್ಕೆ ನಿಮ್ಮ ಬೆನ್ನು ಒಪ್ಪುತ್ತದೆ. ಹದಿಮೂರನೆಯದಕ್ಕೆ ಬೆನ್ನು ರಜೆ ಹಾಕಿ, ತೋಳು ಮತ್ತು ಕುತ್ತಿಗೆಗೆ ಕೆಲಸ ಒಪ್ಪಿಸುತ್ತದೆ. ಮೊದಲ ಎರಡು ಎಂಡ್ ಚೆನ್ನಾಗಿರುವುದು ಇದೇ ಕಾರಣಕ್ಕೆ. ಭುಜದ ನೋವೂ ಅಲ್ಲಿಂದಲೇ ಬಂದಿರಬೇಕು ಎಂದು ನನ್ನ ಅಂದಾಜು. ಆದರೆ ಅದನ್ನು ಫಿಸಿಯೋಥೆರಪಿಸ್ಟ್ ಕೈಯಿಟ್ಟು ನೋಡಿಯೇ ಹೇಳಬೇಕು. ತೋರಿಸುವ ತನಕ 38 ಪೌಂಡನ್ನು ಮುಟ್ಟಬೇಡಿ. ಕೈ ಮೇಲೆತ್ತುವಾಗ ಚುಚ್ಚಿದ ಹಾಗಾದರೆ ಅಥವಾ ರಾತ್ರಿ ಆ ಮಗ್ಗುಲಿಗೆ ಮಲಗಲು ಆಗದಿದ್ದರೆ ಯಾವ ಬಿಲ್ಲನ್ನೂ ಮುಟ್ಟಬೇಡಿ.

ನನ್ನ ಮಾತನ್ನು ಸುಮ್ನೆ ನಂಬುವುದು ಬೇಡ, ಫಿಸಿಯೋ ಒಪ್ಪಿದ ಮೇಲೆ ನೀವೇ ಪರೀಕ್ಷೆ ಮಾಡಿ. ಕ್ಲಿಕರ್ ಅಂದರೆ ಬಾಣದ ಮೊನೆಯ ಮೇಲೆ ಕೂರುವ ಆ ತೆಳು ಪಟ್ಟಿ. ಮೊನೆ ಅದರ ಅಡಿಯಿಂದ ಜಾರಿದ ಕೂಡಲೇ ಟಿಕ್ ಎನ್ನುತ್ತದೆ, ನೀವು ಬಿಡುತ್ತೀರಿ. ಒಮ್ಮೆ ಬಟ್ರೆಸ್‌ನ (ಟಾರ್ಗೆಟ್ ಕಾಗದದ ಹಿಂದೆ ಬಾಣ ನಾಟುವ ದಪ್ಪ ಒರಗು) ಹತ್ತಿರ, ಮೂರ್ನಾಲ್ಕು ಮೀಟರ್‌ನಲ್ಲಿ ನಿಂತು ಬಾಣ ಹಾಕಿ ಎಳೆಯಿರಿ. ಟಿಕ್ ಆದ ಮೇಲೂ ಬಿಡಬೇಡಿ, ಒಂದು ಸೆಕೆಂಡ್ ಹಿಡಿದಿಡಿ. ಗೆಳೆಯರೊಬ್ಬರು ನಿಮ್ಮ ಬೆನ್ನ ಕಡೆ, ಶೂಟಿಂಗ್ ಗೆರೆ ದಾಟದೆ ನಿಂತು ಮೊನೆಯನ್ನು ನೋಡಲಿ. ಟಿಕ್ ಆದ ನಂತರ ಮೊನೆ ಇನ್ನೂ ಒಂದೆರಡು ಮಿಲಿಮೀಟರ್ ಹಿಂದೆ ಬಂದರೆ ನಿಮ್ಮ ಬೆನ್ನು ಕೆಲಸ ಮಾಡುತ್ತಿದೆ ಎಂದರ್ಥ. ಮುಂದಕ್ಕೆ ಜಾರಿದರೆ ಟಿಕ್ ಸದ್ದಿಗೇ ನೀವು ಕುಸಿಯುತ್ತಿದ್ದೀರಿ. ಇದನ್ನು ಮೊದಲ ಎಂಡ್‌ಗೆ ಮುಂಚೆ ಒಂದು ಸಲ, ಐದನೆಯ ಎಂಡ್ ಆದ ಮೇಲೆ ಇನ್ನೊಂದು ಸಲ ಮಾಡಿ. ವ್ಯತ್ಯಾಸ ಗೆಳೆಯರೇ ಹೇಳುತ್ತಾರೆ. ಆಮೇಲೆ ಬಿಲ್ಲನ್ನು ನಿಧಾನಕ್ಕೆ ಇಳಿಸಿ. ಬಾಣ ಇಲ್ಲದೆ ಹೆದೆ ಬಿಡುವುದಂತೂ ಯಾವತ್ತೂ ಬೇಡ, ಲಿಂಬ್ ಸೀಳಿ ಹೋದೀತು.

ಕ್ಲಿಕರ್ ಹಾಕಿದ ಮೇಲೆ ಇನ್ನೂ ಕೆಟ್ಟಿತು ಎಂದಿರಲ್ಲ, ಅದಕ್ಕೂ ಉತ್ತರ ಇಲ್ಲೇ ಇದೆ. ಕ್ಲಿಕರ್ ಅಳೆಯುವುದು ಟಿಕ್ ಆದ ಕ್ಷಣದ ಉದ್ದವನ್ನು. ಬಾಣ ಹೊರಡುವುದು ಅದಾಗಿ ಒಂದು ಕ್ಷಣದ ನಂತರ. ಆ ನಡುವೆ ಬೆನ್ನು ಸಡಿಲಾದರೆ ಹೆದೆ ಕೆಲವು ಮಿಲಿಮೀಟರ್ ಮುಂದೆ ಹೋಗಿರುತ್ತದೆ. ಟಿಕ್ ಸರಿಯಾಗಿ ಬಂದರೂ ಬಾಣ ಕೆಳಗೆ ಬೀಳುತ್ತದೆ, ನಿಮಗೆ ಕಾರಣ ಗೊತ್ತಾಗುವುದಿಲ್ಲ. ಸುಸ್ತಾದಾಗ ಇನ್ನೊಂದು ಚಾಳಿ ಬರುತ್ತದೆ. ಕೈ ಗಲ್ಲಕ್ಕೆ ಬಂದಾಗ ಮೊನೆ ಕ್ಲಿಕರ್‌ನಿಂದ ಇನ್ನೂ ಎಂಟು ಹತ್ತು ಮಿಲಿಮೀಟರ್ ಮುಂದೆ ಇರುತ್ತದೆ. ಅದನ್ನು ದಾಟಿಸಲು ತಲೆ ಹಿಂದೆ ವಾಲಿಸುತ್ತೇವೆ, ಎದೆ ಉಬ್ಬಿಸುತ್ತೇವೆ, ಎಡ ಭುಜವನ್ನು ಕಿವಿಯ ತನಕ ಎತ್ತುತ್ತೇವೆ. ಟಿಕ್ ಬಂತು ಎಂಬ ಖುಷಿ ಮಾತ್ರ ಉಳಿಯುತ್ತದೆ! ಆಂಕರ್‌ಗೆ ಬಂದಾಗ ಎರಡರಿಂದ ನಾಲ್ಕು ಮಿಲಿಮೀಟರ್ ಮಾತ್ರ ಉಳಿದಿರುವಂತೆ ಕ್ಲಿಕರ್ ಇರಬೇಕು.

ಹಾಗಾದರೆ ಏನು ಮಾಡಬೇಕು? ಹಳೆಯ 28 ಪೌಂಡಿನ ಲಿಂಬ್ ವಾಪಸ್ ಹಾಕಿ, ಕ್ಲಿಕರ್ ಬಿಚ್ಚಿಡಿ. ಲಿಂಬ್ ಬೋಲ್ಟ್ ತಿರುಗಿಸಿ 38ನ್ನೇ ಇಳಿಸಬಹುದಲ್ಲ ಎಂದು ಕೇಳುತ್ತೀರಿ, ಗೊತ್ತು. ಆ ಸೌಲಭ್ಯ ಇರುವ ರೈಸರ್‌ನಲ್ಲೂ (ಬಿಲ್ಲಿನ ನಡುವಿನ ಹಿಡಿ) ಹೆಚ್ಚೆಂದರೆ ಶೇಕಡಾ ಹತ್ತರಷ್ಟು ಇಳಿಸಬಹುದು. ನಿಮಗೆ ಅದು ಸಾಲದು. ಮರ್ಯಾದೆ ಹೋಗುತ್ತದೆ ಎಂದು ಅನಿಸಿದರೆ ಸಹಿಸಿಕೊಳ್ಳಿ. ನಮ್ಮ ಕಡೆ ಮೈದಾನದಲ್ಲಿ ಮೊದಲು ಕೇಳುವ ಪ್ರಶ್ನೆಯೇ ಎಷ್ಟು ಪೌಂಡ್ ಎಂದು. ಸ್ಕೋರ್ ಹಾಳೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಮೊದಲ ಎರಡು ವಾರ ಟಾರ್ಗೆಟ್ ಕಾಗದ ಬೇಡ. ಐದು ಮೀಟರ್‌ನಲ್ಲಿ ಬರೀ ಬಟ್ರೆಸ್‌ಗೆ ಬಿಡಿ. ಎಳೆದು, ಆಂಕರ್ ಆದ ಮೇಲೆ ಬೇಕಿದ್ದರೆ ಕಣ್ಣು ಮುಚ್ಚಬಹುದು, ಅಷ್ಟು ಹತ್ತಿರ ಇರುವುದರಿಂದ ಅಪಾಯವಿಲ್ಲ. ಕಣ್ಣಿಗೆ ಗುರಿ ಸಿಕ್ಕಿದ ಕೂಡಲೇ ಮನಸ್ಸು ಅಲ್ಲಿಗೆ ಓಡುತ್ತದೆ, ಬೆನ್ನಲ್ಲಿ ಏನಾಗುತ್ತಿದೆ ಎಂದು ಗೊತ್ತಾಗುವುದಿಲ್ಲ. ಗಮನಿಸಬೇಕಾದ್ದು ಇಷ್ಟೇ: ಬಲ ಮೊಣಕೈ ಕೊನೆಯ ತನಕ ಹಿಂದೆ ಹೋಗುತ್ತಲೇ ಇದೆಯೇ, ಬಲ ಭುಜದ ಎಲುಬು ಬೆನ್ನುಮೂಳೆಯ ಕಡೆ ಸರಿಯುತ್ತಿದೆಯೇ? ಬಿಟ್ಟ ಮೇಲೆ ಕೈ ಕುತ್ತಿಗೆಯ ಬದಿಗೆ ತಾನಾಗಿ ಬಂದು ನಿಂತರೆ ಸರಿ. ನೀವೇ ಕೈಯನ್ನು ಹಿಂದಕ್ಕೆ ಎಸೆದರೆ ಅದು ನಾಟಕ. ಎಡಗೈ ಕೂಡ ಬಾಣ ಬಡಿಯುವ ತನಕ ಎತ್ತಿದಲ್ಲೇ ಇರಲಿ. ಬಾಣ ಎಲ್ಲಿಗೆ ಹೋಯಿತು ಎಂದು ಇಣುಕಲು ಬಿಲ್ಲು ಇಳಿಸುವವರು ಬಹಳ ಜನ.

ಬೆರಳಿನ ವಿಷಯ ಒಂದಿಷ್ಟು ಹೇಳಬೇಕು. ಭಾರ ಜಾಸ್ತಿಯಾದಾಗ ಮೂರೂ ಬೆರಳು ಮುಷ್ಟಿಯಾಗುತ್ತವೆ, ಮಣಿಕಟ್ಟು ಮಡಚಿಕೊಳ್ಳುತ್ತದೆ. ನೀರು ತುಂಬಿದ ಬಕೆಟ್ ಎತ್ತಿ ನೋಡಿ. ಬೆರಳು ಬರೀ ಕೊಕ್ಕೆ, ಹಿಂಗೈ ಚಪ್ಪಟೆ, ಮೊಣಕೈಯಿಂದ ಬೆರಳ ತನಕ ಒಂದೇ ಗೆರೆ. ಹೆದೆ ಹಿಡಿಯುವುದೂ ಹಾಗೆಯೇ. ಹೆದೆ ಬೆರಳಿನ ಮೊದಲ ಗೆಣ್ಣಿನ ಮಡಿಕೆಯಲ್ಲಿ, ಅಥವಾ ಅದರಿಂದ ಸ್ವಲ್ಪ ಒಳಗೆ ಕೂರಲಿ. ತುದಿಬೆರಳಲ್ಲಿ ಹಿಡಿದರೆ ರಿಲೀಸ್ ಚುರುಕಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ತುದಿಯಲ್ಲಿ ಹಿಡಿದ ಹೆದೆಯನ್ನು ಜಾರದಂತೆ ನೋಡಿಕೊಳ್ಳಲು ಮುಂಗೈಯೆಲ್ಲ ಬಿಗಿಯಾಗುತ್ತದೆ, ಬಿಡುವಾಗ ಆ ಬಿಗಿತವೇ ಬಾಣವನ್ನು ಒದೆಯುತ್ತದೆ.

ಗಲ್ಲದ ಕೆಲಸಕ್ಕೆ ಕನ್ನಡಿ ಸಾಕು. ಹಲ್ಲಿಗೆ ಹಲ್ಲು ಮೆಲ್ಲಗೆ ತಾಗಿರಲಿ, ಕಚ್ಚುವುದು ಬೇಡ. ತೋರುಬೆರಳ ಮೇಲಂಚು ದವಡೆಯ ಎಲುಬಿಗೆ ಗಟ್ಟಿಯಾಗಿ ತಾಗಲಿ. ಹೆದೆ ಗಲ್ಲಕ್ಕೂ ಮೂಗಿನ ತುದಿಗೂ ತಾಗಲಿ. ಮೂರು ಕಡೆ ತಾಗಿತು ಎಂದು ಮನಸ್ಸಿನಲ್ಲೇ ಎಣಿಸಿ. ಒಂದು ತಪ್ಪಿದರೂ ಬಿಡಬೇಡಿ, ಬಿಲ್ಲು ಇಳಿಸಿ ಮತ್ತೆ ಶುರು ಮಾಡಿ. ಇಳಿಸುವುದು ಸೋಲು ಎಂದು ಬಹಳ ಜನ ತಿಳಿದಿದ್ದಾರೆ. ಎಳೆದದ್ದು ದಂಡವಾಯಿತಲ್ಲ ಎಂದು ಕೆಟ್ಟ ಬಾಣವನ್ನೇ ಬಿಟ್ಟುಬಿಡುತ್ತಾರೆ. ಹಾಗೆ ಬಿಟ್ಟ ಪ್ರತಿ ಬಾಣವೂ ಕೆಟ್ಟ ಅಭ್ಯಾಸಕ್ಕೆ ಒಂದು ಪಾಠ. ಆಂಕರ್ ಆಗಿ ಐದು ಸೆಕೆಂಡ್ ದಾಟಿದರೆ ಇಳಿಸಿಯೇ ಬಿಡಿ ಎಂದು ನಾನು ನನ್ನ ಹುಡುಗರಿಗೆ ಹೇಳುತ್ತೇನೆ. ಮೊಬೈಲ್ ಹಿಂದೆ ಇಟ್ಟು ವಿಡಿಯೊ ಮಾಡಿದರೆ ಸೆಕೆಂಡಿನ ಲೆಕ್ಕ ತಾನಾಗಿ ಸಿಗುತ್ತದೆ. ಎಡ ಭುಜ ಏರುತ್ತದೆಯೇ ಎಂಬುದೂ ಕಾಣುತ್ತದೆ.

ಮೂರನೆಯ ವಾರದಿಂದ 18 ಮೀಟರ್‌ಗೆ ಹೋಗಿ, ಕಾಗದ ಹಾಕಿ. ಆದರೆ ಸ್ಕೋರ್ ಬರೆಯುವುದು ಬೇಡ. ಪುಸ್ತಕದಲ್ಲಿ ವೃತ್ತ ಬರೆದು ಪ್ರತಿ ಬಾಣ ಬಿದ್ದ ಜಾಗದಲ್ಲಿ ಚುಕ್ಕಿ ಇಡಿ. ಮೊದಲ ಮೂರು ಎಂಡ್‌ಗೆ ಒಂದು ಬಣ್ಣ, ಕೊನೆಯ ಮೂರಕ್ಕೆ ಇನ್ನೊಂದು. ಬಾಣಗಳ ಮೇಲೆ ನಂಬರ್ ಬರೆದು ಚುಕ್ಕಿಯ ಪಕ್ಕದಲ್ಲೂ ಅದೇ ನಂಬರ್ ಹಾಕಿ. ನಾಲ್ಕನೆಯ ನಂಬರಿನ ಬಾಣ ದಿನವೂ ಒಂದೇ ಕಡೆಗೆ ತಪ್ಪುತ್ತಿದ್ದರೆ ಅದು ನಿಮ್ಮ ತಪ್ಪಲ್ಲ. ನಾಕ್ (ಹೆದೆಗೆ ಸಿಕ್ಕಿಸುವ ಹಿಂತುದಿ) ಬಿರುಕು ಬಿಟ್ಟಿರುತ್ತದೆ, ಇಲ್ಲವೇ ರೆಕ್ಕೆ ಅಂಟು ಬಿಟ್ಟಿರುತ್ತದೆ.

ಯೂಟ್ಯೂಬ್ ನೋಡುವುದು ತಪ್ಪಲ್ಲ. ಕೊರಿಯಾದವರ ಶೂಟಿಂಗ್ ನೋಡಲು ನನಗೂ ಇಷ್ಟ. 2024ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಕಿಮ್ ವೂ ಜಿನ್ ಮತ್ತು ಅಮೆರಿಕದ ಬ್ರೇಡಿ ಎಲಿಸನ್ ಸಮಬಲವಾಗಿ, ಕೊನೆಗೆ ಒಂದೊಂದೇ ಬಾಣದ ಶೂಟ್ ಆಫ್ ನಡೆಯಿತು. ಇಬ್ಬರೂ ಹತ್ತು ಹೊಡೆದರು. ಕಿಮ್ ಗೆದ್ದದ್ದು 4.9 ಮಿಲಿಮೀಟರ್ ಅಂತರದಲ್ಲಿ. ಆದರೆ ಕಿಮ್ ಅವರ ಮೂಳೆ, ಕಿಮ್ ಅವರ ತೋಳಿನ ಉದ್ದ ನಿಮಗಿಲ್ಲ. ಅದೇ ಊರಿನ ಪ್ಯಾರಾಲಿಂಪಿಕ್ಸ್‌ನಲ್ಲಿ ಕಾಂಪೌಂಡ್ (ರಾಟೆ ಇರುವ ಬಿಲ್ಲು) ಮಿಶ್ರ ತಂಡದ ಕಂಚು ಗೆದ್ದ ನಮ್ಮ ಶೀತಲ್ ದೇವಿಯವರನ್ನೂ ನೋಡಿ. ಅವರಿಗೆ ಕೈಗಳಿಲ್ಲ, ಕಾಲಿನಲ್ಲಿ ಬಿಲ್ಲು ಹಿಡಿದು ಭುಜದಿಂದ ಎಳೆಯುತ್ತಾರೆ. ಪುಸ್ತಕದ ಯಾವ ಭಂಗಿಗೂ ಅದು ಹೊಂದುವುದಿಲ್ಲ. ಆದರೆ ಪ್ರತಿ ಬಾಣಕ್ಕೂ ಅದೇ ಕ್ರಮ, ಅದೇ ಲಯ. ಚಂದದ ಭಂಗಿ ಹುಡುಕುತ್ತಾ ವಾರಕ್ಕೊಂದು ಬದಲಾವಣೆ ಮಾಡಿದರೆ ಯಾವುದೂ ಮೈಗೆ ಹತ್ತುವುದಿಲ್ಲ. ಮೊದಲಿದ್ದ ನಿಲುವಿಗೇ ವಾಪಸ್ ಹೋಗಿ. ಏನನ್ನಾದರೂ ಬದಲಿಸಲೇಬೇಕಾದರೆ ಒಂದನ್ನು ಮಾತ್ರ ಬದಲಿಸಿ, ಅದಕ್ಕೆ ಮೂರು ವಾರ ಕೊಡಿ.

ಸ್ಟೆಬಿಲೈಸರ್ ಬೇಡ. ಬಾಣವೂ ಸದ್ಯಕ್ಕೆ ಬೇಡ. ಮುಂದೆ ಪೌಂಡ್ ಬದಲಾದಾಗ ಬಾಣದ ಬಿಗುವೂ (ಅದು ಎಷ್ಟು ಬಾಗುತ್ತದೆ ಎಂಬುದು) ಬದಲಾಗಬೇಕು, ಈಗ ಕೊಂಡರೆ ದುಡ್ಡು ದಂಡ. 38 ಪೌಂಡಿಗೆಂದು ಕೊಂಡ ಬಾಣ ಈಗ ಕೈಯಲ್ಲಿದ್ದರೆ, 28ಕ್ಕೆ ಅದು ಬಿಗಿಯಾಗಿ ವರ್ತಿಸುತ್ತದೆ. ಬಲಗೈಯವರಿಗೆ ಗ್ರೂಪ್ (ಬಾಣಗಳು ಬಿದ್ದ ಗುಂಪು) ಎಡಕ್ಕೆ ಸರಿಯುತ್ತದೆ, ಕೆಳಗೂ ಇಳಿಯುತ್ತದೆ. ಗಾಬರಿಯಾಗಬೇಡಿ. ಬಾಣ ಹೋದ ಕಡೆಗೇ ಸೈಟ್ (ಬಿಲ್ಲಿನ ಮೇಲೆ ಗುರಿ ನೋಡುವ ಸಾಧನ) ಸರಿಸಿ, ಅಷ್ಟೇ. ದುಡ್ಡು ಖರ್ಚು ಮಾಡಲೇಬೇಕೆಂದಿದ್ದರೆ ಬೋ ಸ್ಕ್ವೇರ್ ಎಂಬ ಅಳತೆಪಟ್ಟಿ ತೆಗೆದುಕೊಳ್ಳಿ. ದಿನಾ ಹೆದೆ ಏರಿಸಿದ ಮೇಲೆ ಹಿಡಿತದಿಂದ ಹೆದೆಯ ತನಕ ಎಷ್ಟಿದೆ ಎಂದು ಅಳೆಯಿರಿ. ಹೊಸ ಹೆದೆ ಹಿಗ್ಗುತ್ತದೆ, ಆ ಅಂತರ ಕಡಿಮೆಯಾಗುತ್ತದೆ. ಆಗ ಹೆದೆಗೆ ಕೆಲವು ಸುತ್ತು ಹುರಿ ಕೊಟ್ಟರೆ ಮೊದಲಿನ ಅಳತೆಗೆ ಬರುತ್ತದೆ. ನಿನ್ನೆಯ ಸೈಟ್ ಗುರುತು ಇವತ್ತು ಸುಳ್ಳಾಗಲು ಇದೂ ಒಂದು ಕಾರಣ.

ಇನ್ನು ನಮ್ಮ ಕರಾವಳಿಯ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೈದಾನ ಮರೆತುಬಿಡಿ. ನಿಮಗೆ ಇದು ನಷ್ಟವಲ್ಲ, ಐದು ಮೀಟರ್ ಅಭ್ಯಾಸಕ್ಕೆ ಇದೇ ಸರಿಯಾದ ಕಾಲ. ಶೀಟ್ ಹಾಕಿದ ಅಂಗಳ ಅಥವಾ ಉದ್ದದ ಗೋಡೌನ್ ಸಿಕ್ಕಿದರೆ ಸಾಕು. ಬಟ್ರೆಸ್ ಹಿಂದೆ ಕೆಂಪುಕಲ್ಲಿನ ಗೋಡೆ ಇರಲಿ, ಗೋಡೆಗೂ ಬಟ್ರೆಸ್‌ಗೂ ನಡುವೆ ದಪ್ಪ ಬಲೆ ಇರಲಿ. ಆ ಕಡೆಯಿಂದ ಬಾಗಿಲು ತೆರೆದು ಮನೆಯವರು ಬರುವಂತಿರಬಾರದು. ತಾರಸಿ ಮೇಲೆ ಬೇಡ. ಒಂದು ಬಾಣ ಮೇಲೆ ಹೋದರೆ ಪಕ್ಕದ ರಸ್ತೆ. ಹುಲ್ಲಿನ ಬಟ್ರೆಸ್ ನಮ್ಮ ಮಳೆಗೆ ಕೊಳೆಯುತ್ತದೆ, ಫೋಮ್ ಹಾಳೆ ಜೋಡಿಸಿದ್ದು ಬಾಳಿಕೆ ಬರುತ್ತದೆ.

ಬಿಲ್ಲು ಎತ್ತಲಾಗದ ದಿನ ಮನೆಯೊಳಗೇ ರಬ್ಬರ್ ಬ್ಯಾಂಡ್ ಎಳೆಯಿರಿ. ಆಂಕರ್‌ಗೆ ಬಂದು 15 ಸೆಕೆಂಡ್ ಹಿಡಿಯಿರಿ, 30 ಸೆಕೆಂಡ್ ವಿಶ್ರಾಂತಿ, ಹೀಗೆ ಎಂಟು ಹತ್ತು ಸಲ. ಎರಡೂ ಬದಿಗೆ ಮಾಡಿ. ಭುಜದ ನೋವು ಹೋಗುವ ತನಕ ಇದೂ ಫಿಸಿಯೋ ಹೇಳಿದಷ್ಟೇ.

ಸೆಕೆಗೆ ಬೆವರಿ, ಬೆರಳು ಕಾಯುವ ಟ್ಯಾಬ್‌ನ ಚರ್ಮ ಒದ್ದೆಯಾದರೆ ಹೆದೆ ಅಂಟುತ್ತದೆ, ರಿಲೀಸ್ ಕೆಡುತ್ತದೆ. ಎರಡು ಟ್ಯಾಬ್ ಇಟ್ಟುಕೊಂಡು ಎಂಡ್ ಬಿಟ್ಟು ಎಂಡ್ ಬದಲಿಸಿ. ಆದರೆ ಎರಡರ ದಪ್ಪವೂ ಒಂದೇ ಇರಬೇಕು, ಎರಡೂ ಚೆನ್ನಾಗಿ ಪಳಗಿರಬೇಕು. ಸುರತ್ಕಲ್ ಅಂದರೆ ಕಡಲು ಪಕ್ಕದಲ್ಲೇ. ಉಪ್ಪುಗಾಳಿಗೆ ಬಾಣದ ಬದಿ ಒತ್ತುವ ಪ್ಲಂಜರ್‌ನ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಹೊರಗಿನಿಂದ ಕಾಣುವುದಿಲ್ಲ, ಬಾಣ ಮಾತ್ರ ಕಾರಣವಿಲ್ಲದೆ ಎಡ ಬಲಕ್ಕೆ ಹೋಗಲು ಶುರುವಾಗುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ಒರೆಸಿ. ಬಿಚ್ಚುವ ಮೊದಲು ಎಷ್ಟು ಸುತ್ತಿನಲ್ಲಿತ್ತು ಎಂದು ಬರೆದಿಟ್ಟುಕೊಳ್ಳಿ.

ಮಳೆ ನಿಂತ ಮೇಲೆ ಮತ್ತೆ 30 ಮೀಟರ್‌ಗೆ ಬನ್ನಿ, ಬೆಳಿಗ್ಗೆ ಬೇಗ ಬನ್ನಿ. ಆಗ ಗಾಳಿ ಕಡಿಮೆ. ಹೊತ್ತೇರಿದ ಹಾಗೆ ಕಡಲಿನ ಕಡೆಯಿಂದ ಗಾಳಿ ಏಳುತ್ತದೆ, ಮಧ್ಯಾಹ್ನದ ಮೇಲೆ ಜೋರಾಗುತ್ತದೆ. ಶೂಟಿಂಗ್ ಸರಿಪಡಿಸುವ ಕೆಲಸವನ್ನು ಆ ಗಾಳಿಯಲ್ಲಿ ಮಾಡಬೇಡಿ. ಯಾವ ತಪ್ಪು ನಿಮ್ಮದು, ಯಾವುದು ಗಾಳಿಯದ್ದು ಎಂದು ಬೇರ್ಪಡಿಸಲು ಆಗುವುದಿಲ್ಲ.

ಪೌಂಡ್ ಏರಿಸುವುದು ಯಾವಾಗ ಎಂಬುದನ್ನು ಆ ಎರಡು ಬಣ್ಣದ ಚುಕ್ಕಿಗಳೇ ಹೇಳುತ್ತವೆ. ಕೊನೆಯ ಮೂರು ಎಂಡ್‌ನ ಗ್ರೂಪ್ ಮೊದಲ ಮೂರರಷ್ಟೇ ಎತ್ತರಕ್ಕೆ ನಿಂತು, ಎರಡು ಮೂರು ವಾರ ಹಾಗೆಯೇ ಉಳಿದರೆ, ಭುಜವೂ ಸುಮ್ಮನಿದ್ದರೆ, 30 ಅಥವಾ 32ಕ್ಕೆ ಹೋಗಿ. ಯಾರಾದರೂ ಹಳೆಯ ಲಿಂಬ್ ಕೊಟ್ಟರೆ ಸಾಲ ತೆಗೆದುಕೊಳ್ಳಿ, ಆ ಹಂತಕ್ಕೆ ಹೊಸದು ಕೊಳ್ಳಬೇಕೆಂದಿಲ್ಲ. ಕ್ಲಿಕರ್ ಕೂಡ ಆಗಲೇ ವಾಪಸ್ ಹಾಕಿ, ಮೇಲೆ ಹೇಳಿದ ಟಿಕ್ ಪರೀಕ್ಷೆಯಲ್ಲಿ ಮೊನೆ ಹಿಂದೆ ಬರುತ್ತಿದ್ದರೆ ಮಾತ್ರ. ಅಲ್ಲಿಂದ ಮುಂದೆ ಎರಡೆರಡೇ ಪೌಂಡ್. 38ರ ಲಿಂಬ್ ಮಾರಬೇಡಿ, ಒಂದು ವರ್ಷದೊಳಗೆ ಬೇಕಾಗಬಹುದು. ಒಣ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಡಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಮಾತ್ರ ಬೇಡ, ಆ ಬಿಸಿಗೆ ಪದರ ಬಿಟ್ಟುಕೊಂಡರೆ ಮತ್ತೆ ಸರಿ ಮಾಡಲಾಗುವುದಿಲ್ಲ.